ವಿಡಿಯೋ ಗೇಮ್ ಕಂಟ್ರೋಲರ್: ಕೈಗೆ ಹಿತವೋ, ಬಾಳಿಕೆಯೋ?

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಶಾಲೆಯ ಮಕ್ಕಳು ಬಳಸುವ ತಗಡಿನ ಜಾಮಿಟ್ರಿ ಪೆಟ್ಟಿಗೆಯೊಂದನ್ನು ತೆಗೆದುಕೊಳ್ಳಿ. ಅದನ್ನು ಎರಡೂ ಕೈಗಳಲ್ಲಿ ಅಡ್ಡಲಾಗಿ ಹಿಡಿದು, ಹೆಬ್ಬೆರಳುಗಳನ್ನು ಮುಚ್ಚಳದ ಮೇಲಿಟ್ಟು ಬಿಟ್ಟು ಬಿಟ್ಟು ಒತ್ತುತ್ತಿರಿ. ಐದು ನಿಮಿಷ ಸಾಕು. ಪೆಟ್ಟಿಗೆಯ ಕೆಳಗಿನ ಎರಡು ಮೂಲೆಗಳು ನಿಮ್ಮ ಅಂಗೈಗಳ ಯಾವ ಭಾಗಕ್ಕೆ ಚುಚ್ಚುತ್ತಿವೆ ಎಂಬುದು ಆಗ ಚೆನ್ನಾಗಿ ತಿಳಿಯುತ್ತದೆ. 1980 ಮತ್ತು 1990ರ ದಶಕಗಳಲ್ಲಿ ಪ್ರಪಂಚದ ಕೋಟ್ಯಂತರ ಮಕ್ಕಳು ಗಂಟೆಗಟ್ಟಲೆ ಹಿಡಿದು ಕೂತದ್ದು ಹೆಚ್ಚು ಕಡಿಮೆ ಇಂಥದೇ ಆಕಾರದ ವಸ್ತುವನ್ನು.

ಅವರಲ್ಲಿ ನಾನೂ ಒಬ್ಬ. ನಮ್ಮೂರು ಬಸವಾಪಟ್ಟಣ, ಚನ್ನಗಿರಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಪಾಳೆಯಗಾರರ ಕಾಲದ ಕೋಟೆಯ ಅವಶೇಷ, ಹತ್ತಿರದಲ್ಲೇ ಸೂಳೆಕೆರೆ ಎಂದು ಹೆಸರಾದ ಶಾಂತಿಸಾಗರ, ಸುತ್ತಲೂ ಅಡಿಕೆ ತೋಟ. ದಾವಣಗೆರೆ ಜಿಲ್ಲೆ ರಚನೆಯಾದ 1997ರವರೆಗೆ ನಾವು ಶಿವಮೊಗ್ಗ ಜಿಲ್ಲೆಯವರು. ಆದರೆ ಟಿವಿ, ಟೇಪ್ ರೆಕಾರ್ಡರ್ ಮುಂತಾದವನ್ನು ಕೊಳ್ಳಲು ನಮ್ಮ ಮನೆಯವರು ಅದಕ್ಕೂ ಮೊದಲಿನಿಂದಲೇ ಬಸ್ಸು ಹತ್ತುತ್ತಿದ್ದದ್ದು ದಾವಣಗೆರೆಗೆ. ಹಾಗೆ ಹೋದ ಚಿಕ್ಕಪ್ಪ ಒಂದು ಬೇಸಿಗೆಯಲ್ಲಿ 'ಟಿವಿ ಗೇಮ್' ತಂದರು. ಡಬ್ಬಿಯ ಮೇಲೆ ಒಂದು ಹೆಸರು, ಯಂತ್ರದ ಮೇಲೆ ಇನ್ನೊಂದು ಹೆಸರು. ಅದರೊಂದಿಗೆ ಎರಡು ಕಂಟ್ರೋಲರುಗಳಿದ್ದವು. ನಾವು ಅವನ್ನು 'ರಿಮೋಟು' ಎನ್ನುತ್ತಿದ್ದೆವು. ರಜೆ ಮುಗಿಯುವ ಹೊತ್ತಿಗೆ ನನ್ನ ಎಡ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತ್ತು, ಎರಡು ಕಂಟ್ರೋಲರುಗಳಲ್ಲಿ ಒಂದು ಸತ್ತಿತ್ತು.

ಆ ಬೊಬ್ಬೆಗೂ ಆ ಸಾವಿಗೂ ಏನಾದರೂ ಸಂಬಂಧವಿತ್ತೇ? ಇತ್ತು. ಕೈಗೆ ಹಿತವಾಗಿರುವುದು ಮತ್ತು ಬಹುಕಾಲ ಬಾಳುವುದು, ಇವೆರಡೂ ಒಂದೇ ಕಂಟ್ರೋಲರಿನಲ್ಲಿ ಸುಲಭವಾಗಿ ಕೂಡಿ ಬರುವ ಗುಣಗಳಲ್ಲ. ಈ ಪುಟ್ಟ ಉಪಕರಣದ ಚರಿತ್ರೆಯೆಂದರೆ ಬಹುಮಟ್ಟಿಗೆ ಇವೆರಡರ ಜಗ್ಗಾಟದ ಚರಿತ್ರೆ.

ಮೊಣಕೈ ನೋವಿನಿಂದ ಹುಟ್ಟಿದ ಪೆಟ್ಟಿಗೆ

1958ರ ಅಕ್ಟೋಬರಿನಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದ ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್ ಪ್ರಯೋಗಾಲಯ ನೋಡಲು ಬರುವ ಜನರಿಗೆ ಬೇಸರವಾಗದಿರಲೆಂದು ಆಸಿಲೋಸ್ಕೋಪಿನ ಪರದೆಯ ಮೇಲೆ ಟೆನಿಸ್ ಆಟವೊಂದನ್ನು ಏರ್ಪಡಿಸಿದರು. ಆಟಗಾರರ ಕೈಗೆ ಕೊಟ್ಟದ್ದು ಒಂದು ಲೋಹದ ಪೆಟ್ಟಿಗೆ. ಚೆಂಡಿನ ಕೋನ ಬದಲಿಸಲು ಒಂದು ತಿರುಗುಗುಂಡಿ, ಹೊಡೆಯಲು ಒಂದು ಒತ್ತುಗುಂಡಿ, ಅಷ್ಟೇ.

ಹಿತದ ಪ್ರಶ್ನೆ ಮೊದಲು ಎದ್ದದ್ದು 1962ರಲ್ಲಿ. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಹುಡುಗರು ಪಿಡಿಪಿ-1 ಎಂಬ ಕಂಪ್ಯೂಟರಿಗಾಗಿ 'ಸ್ಪೇಸ್‌ವಾರ್' ಎಂಬ ಆಟ ಬರೆದರು. ಆಟವಾಡಲು ಪ್ರತ್ಯೇಕ ಸಾಧನವಿರಲಿಲ್ಲ. ಕಂಪ್ಯೂಟರಿನ ಮುಂಫಲಕದಲ್ಲಿದ್ದ ಪರೀಕ್ಷಾ ಸ್ವಿಚ್ಚುಗಳನ್ನೇ ಮೇಲೆ ಕೆಳಗೆ ಮಾಡಬೇಕಿತ್ತು. ಇಬ್ಬರು ಒತ್ತಿಕೊಂಡು ಕೂತು ಆಡಿದರೆ ಮೊಣಕೈ ನೋಯುತ್ತಿತ್ತು. ಜೊತೆಗೆ ಪರದೆ ಒಂದು ಪಕ್ಕಕ್ಕಿದ್ದುದರಿಂದ ಒಬ್ಬನಿಗೆ ಚೆನ್ನಾಗಿ ಕಾಣುತ್ತಿತ್ತು, ಇನ್ನೊಬ್ಬನಿಗೆ ಓರೆಯಾಗಿ. ಅಲನ್ ಕೋಟಾಕ್ ಮತ್ತು ಬಾಬ್ ಸಾಂಡರ್ಸ್ ಎಂಬಿಬ್ಬರು ಅಲ್ಲಿನ ಮಾದರಿ ರೈಲು ಸಂಘದ ಗುಜರಿಯಿಂದ ಮರದ ಚೂರು, ಬೇಕಲೈಟ್, ತಂತಿ, ಸ್ವಿಚ್ಚುಗಳನ್ನು ಹೆಕ್ಕಿ ತಂದು ಆಟಗಾರರಿಗೆ ತಲಾ ಒಂದು ಪೆಟ್ಟಿಗೆ ಮಾಡಿಕೊಟ್ಟರು. ಯಂತ್ರದಿಂದ ಬೇರೆಯಾಗಿ, ತಂತಿಯ ತುದಿಯಲ್ಲಿ, ಮಡಿಲಲ್ಲಿ ಇಟ್ಟುಕೊಳ್ಳಬಲ್ಲ ಕಂಟ್ರೋಲರ್ ಅವರ ಪಾಲಿಗೆ ಬಂದದ್ದು ಹೀಗೆ. ದೂರ ಕೂತು ಆಡುವ ಸುಖ ಬಂತು, ಅದರ ಹಿಂದೆಯೇ ತಂತಿ ತುಂಡಾಗುವ ತೊಂದರೆಯೂ ಬಂತು!

1977ರಲ್ಲಿ ಮಾರುಕಟ್ಟೆಗೆ ಬಂದ ಅಟಾರಿ ಕಂಪನಿಯ ಯಂತ್ರ (ಮುಂದೆ ಅಟಾರಿ 2600 ಎನಿಸಿದ್ದು) ಮನೆಮನೆಗೆ ಜಾಯ್‌ಸ್ಟಿಕ್ ಕೊಟ್ಟಿತು. ಚೌಕಾಕಾರದ ಕಪ್ಪು ಪೀಠ, ನಡುವೆ ನಿಂತ ಕೋಲು, ಎಡ ಮೂಲೆಯಲ್ಲೊಂದು ಕೆಂಪು ಗುಂಡಿ. ಪೀಠವನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಬಲಗೈಯಿಂದ ಕೋಲನ್ನು ವಾಲಿಸಬೇಕು. ಪೀಠ ಅಲುಗದಿರಲೆಂದು ಎಡಗೈ ಸದಾ ಬಿಗಿ ಹಿಡಿದೇ ಇರಬೇಕಾದ್ದರಿಂದ ಮೊದಲು ಸೋಲುತ್ತಿದ್ದದ್ದು ಅದೇ. ಎಡಚರ ಪಾಡನ್ನಂತೂ ಕೇಳುವವರಿರಲಿಲ್ಲ.

ಒಳಗಿನ ರಚನೆ ಮಾತ್ರ ಬಹಳ ಸರಳ. ನಾಲ್ಕು ದಿಕ್ಕಿಗೆ ನಾಲ್ಕು, ಗುಂಡಿಗೆ ಒಂದು, ಹೀಗೆ ಐದು ಸ್ವಿಚ್ಚುಗಳು. ಪ್ರತಿಯೊಂದಕ್ಕೂ ಅದರದೇ ತಂತಿ, ಎಲ್ಲಕ್ಕೂ ಸಾಮಾನ್ಯವಾದ ಇನ್ನೊಂದು ತಂತಿ. 'ಎಡ' ದಿಕ್ಕಿನ ತಂತಿ ತುಂಡಾದರೆ ಎಡಕ್ಕೆ ಹೋಗುವುದು ಮಾತ್ರ ನಿಲ್ಲುತ್ತದೆ, ಉಳಿದದ್ದೆಲ್ಲ ನಡೆಯುತ್ತದೆ. ಕಾಯಿಲೆ ಎಲ್ಲಿದೆ ಎಂದು ಕಂಟ್ರೋಲರೇ ಹೇಳಿಬಿಡುತ್ತದೆ. ಹೆಚ್ಚಾಗಿ ಮುರಿಯುತ್ತಿದ್ದದ್ದು ಕೋಲಿನ ಬುಡದ ಪ್ಲಾಸ್ಟಿಕ್ ಅಂಗ. ಕೋಲು ಒಂದು ಸನ್ನೆಗೋಲು ಎಂಬುದನ್ನು ನೆನಪಿಡಿ. ತುದಿಯಲ್ಲಿ ನೀವು ಹಾಕುವ ಬಲ ಬುಡದಲ್ಲಿ ಹಲವು ಪಟ್ಟು ಹೆಚ್ಚಾಗುತ್ತದೆ. ಆಟದ ಆವೇಶದಲ್ಲಿ ಬಲದ ಲೆಕ್ಕ ಯಾರಿಗಿರುತ್ತದೆ?

ಅನಂತರದ ಕೆಲವು ವರ್ಷ ಹೊಸತನದ ಹುಚ್ಚು. ಟೆಲಿಫೋನಿನಂಥ ಅಂಕಿಗುಂಡಿಗಳು, ತಿರುಗುವ ಬಿಲ್ಲೆಗಳು ಬಂದವು. ಅಟಾರಿಯದೇ 1982ರ ಯಂತ್ರ 5200ರ ಜಾಯ್‌ಸ್ಟಿಕ್ ಕೈ ಬಿಟ್ಟರೆ ನಡುವಿಗೆ ಮರಳುತ್ತಿರಲಿಲ್ಲ, ಒಳಗಿನ ಬಾಗುವ ವಿದ್ಯುನ್ಮಂಡಲವೂ ಬೇಗ ಕೆಡುತ್ತಿತ್ತು. ಹಿತವೂ ಇಲ್ಲ, ಬಾಳಿಕೆಯೂ ಇಲ್ಲ. ಅದನ್ನು ಅಲ್ಲಿಗೇ ಬಿಡೋಣ.

ಮಕ್ಕಳು ತುಳಿದರೆ?

ಈಗ ನಮ್ಮ ಜಾಮಿಟ್ರಿ ಪೆಟ್ಟಿಗೆಗೆ ಬರೋಣ. ಜಪಾನಿನ ನಿಂಟೆಂಡೋ ಕಂಪನಿಯ ಗುಂಪೇ ಯೊಕೊಯ್ 1982ರಲ್ಲಿ ಅಂಗೈಯಗಲದ ಆಟಿಕೆಯೊಂದಕ್ಕೆ ಕೂಡಿಸುವ ಚಿಹ್ನೆಯ ಆಕಾರದ ಒಂದು ಗುಂಡಿಯನ್ನು ಅಳವಡಿಸಿದರು. ಇದನ್ನು ದಿಕ್ಕುಗುಂಡಿ ಎನ್ನೋಣ. ಮರುವರ್ಷ, 1983ರ ಜುಲೈ 15ರಂದು, ಫ್ಯಾಮಿಕಾಮ್ ಎಂಬ ಯಂತ್ರ ಜಪಾನಿನಲ್ಲಿ ಬಿಡುಗಡೆಯಾಯಿತು. ಇದೇ ಅಮೆರಿಕದಲ್ಲಿ 1985ರಲ್ಲಿ ಬೇರೆ ಉಡುಪು ತೊಟ್ಟು ಎನ್‌ಇಎಸ್ ಎಂಬ ಹೆಸರಿನಲ್ಲಿ ಬಂತು. ಎರಡೂ ಸೇರಿ ಪ್ರಪಂಚದಲ್ಲಿ ಸುಮಾರು 6 ಕೋಟಿ 19 ಲಕ್ಷ ಯಂತ್ರಗಳು ಮಾರಾಟವಾದವು.

ಫ್ಯಾಮಿಕಾಮ್ ರೂಪಿಸಿದ ಎಂಜಿನಿಯರ್ ಮಸಾಯುಕಿ ಉಯೆಮುರಾ ಅವರಿಗೆ ಜಾಯ್‌ಸ್ಟಿಕ್ ಬಗ್ಗೆ ಒಂದು ಅಂಜಿಕೆಯಿತ್ತು. ಜಪಾನಿನಲ್ಲಿ ಮಕ್ಕಳು ನೆಲದ ಮೇಲೆ ಕೂತು ಆಡುತ್ತಾರೆ, ಆಟ ಮುಗಿದ ಮೇಲೆ ಕಂಟ್ರೋಲರನ್ನು ಅಲ್ಲೇ ಬಿಟ್ಟು ಏಳುತ್ತಾರೆ. ಯಾರಾದರೂ ತುಳಿದರೆ ನಿಂತ ಕೋಲು ಮುರಿಯುತ್ತದೆ. ಸಹೋದ್ಯೋಗಿಯೊಬ್ಬರು ಯೊಕೊಯ್ ಅವರ ದಿಕ್ಕುಗುಂಡಿಯನ್ನು ತಂದು ಜೋಡಿಸಿ ನೋಡಿದರು. ಬೆರಳಿಗೆ ತೊಂದರೆಯಾಗಲಿಲ್ಲ, ಕಾಲಿಗೆ ಸಿಕ್ಕಿದರೆ ಮುರಿಯುವಂಥದ್ದೂ ಏನಿರಲಿಲ್ಲ. ನೆಲದ ಮೇಲೆ ಚಾಪೆ ಹಾಸಿ ಕೂರುವ ನಮಗೆ ಈ ಯೋಚನೆಯ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ತುಳಿದದ್ದು ಮಕ್ಕಳಲ್ಲ, ಕಾಫಿ ಲೋಟ ಹಿಡಿದು ಬಂದ ಅಜ್ಜ. ಕಂಟ್ರೋಲರಿಗೆ ಏನೂ ಆಗಲಿಲ್ಲ.

ಆದರೆ ಅಸಲಿ ಫ್ಯಾಮಿಕಾಮ್ ಕೂಡ ಮೊದಲ ಏಟಿಗೇ ಸರಿಯಾಗಿರಲಿಲ್ಲ ಎಂಬುದನ್ನು ಗಮನಿಸಿ. ಮೊದಲ ಯಂತ್ರಗಳ ಎರಡು ಒತ್ತುಗುಂಡಿಗಳು ಚೌಕಾಕಾರದ ಮೆದು ರಬ್ಬರಿನವು. ಬೆರಳಿಗೆ ಮೃದು, ಆದರೆ ಒತ್ತಿದಾಗ ಅಂಚು ಮಡಿಸಿ ತೂತಿನಲ್ಲೇ ಸಿಕ್ಕಿಕೊಳ್ಳುತ್ತಿದ್ದವು. ಅನಂತರ ಗಟ್ಟಿ ಪ್ಲಾಸ್ಟಿಕ್ಕಿನ ದುಂಡು ಗುಂಡಿಗಳನ್ನು ಹಾಕಲಾಯಿತು. ಇಲ್ಲಿ ಹಿತ ಸೋತು ಬಾಳಿಕೆ ಗೆದ್ದಿತು. ಇನ್ನೊಂದು ದೋಷ ಉಳಿದೇ ಹೋಯಿತು: ಜಪಾನಿನ ಯಂತ್ರದಲ್ಲಿ ಕಂಟ್ರೋಲರಿನ ತಂತಿ ನೇರವಾಗಿ ಯಂತ್ರದ ಒಳಗೇ ಹೋಗಿ ಸೇರುತ್ತಿತ್ತು. ತಂತಿ ಕೆಟ್ಟರೆ ಯಂತ್ರವನ್ನೇ ಬಿಚ್ಚಬೇಕು. ಅಮೆರಿಕದ ರೂಪದಲ್ಲಿ ಪ್ಲಗ್ ಬಂತು.

ಇದರ ಒಳಗೆ ಏನಿದೆ? ಹಿಂಬದಿಯ ತಿರುಪುಗಳನ್ನು ಬಿಚ್ಚಿದರೆ ಮೂರು ಪದರ ಕಾಣುತ್ತದೆ. ಮೇಲೆ ಪ್ಲಾಸ್ಟಿಕ್ ಗುಂಡಿಗಳು, ನಡುವೆ ಸಿಲಿಕೋನ್ ರಬ್ಬರಿನ ಹಾಳೆ, ಕೆಳಗೆ ವಿದ್ಯುನ್ಮಂಡಲದ ಫಲಕ. ರಬ್ಬರ್ ಹಾಳೆಯಲ್ಲಿ ಪ್ರತಿ ಗುಂಡಿಯ ಕೆಳಗೂ ಒಂದು ಪುಟ್ಟ ಗುಮ್ಮಟವಿರುತ್ತದೆ. ಗುಮ್ಮಟದ ಒಳಗೆ ಇಂಗಾಲ ಬೆರೆಸಿದ ಕಪ್ಪು ಬಿಲ್ಲೆ. ನೀವು ಒತ್ತಿದಾಗ ಗುಮ್ಮಟ ಸ್ವಲ್ಪ ಹೊತ್ತು ತಡೆದು, ಒಂದು ಹಂತ ದಾಟಿದೊಡನೆ ತಟ್ಟನೆ ಕುಸಿಯುತ್ತದೆ. ಬೆರಳಿಗೆ 'ಒತ್ತಿದೆ' ಎಂಬ ಅರಿವು ಕೊಡುವುದು ಈ ಕುಸಿತವೇ. ಬಿಲ್ಲೆ ಫಲಕದ ಎರಡು ವಾಹಕ ಗೆರೆಗಳನ್ನು ಮುಟ್ಟಿ ಮಂಡಲ ಪೂರ್ಣಗೊಳಿಸುತ್ತದೆ. ಬೆರಳು ತೆಗೆದರೆ ಗುಮ್ಮಟ ತಾನೇ ಎದ್ದು ನಿಲ್ಲುತ್ತದೆ. ಸ್ಪ್ರಿಂಗ್ ಇಲ್ಲ, ಲೋಹದ ಎಲೆ ಇಲ್ಲ, ಬೆಸುಗೆ ಬಿಡುವ ಭಯವಿಲ್ಲ. ಟಿವಿ ರಿಮೋಟಿನಲ್ಲೂ ಕೆಲವು ಕ್ಯಾಲ್ಕ್ಯುಲೇಟರಿನಲ್ಲೂ ಇದೇ ಉಪಾಯವಿದೆ.

ದಿಕ್ಕುಗುಂಡಿಯಲ್ಲಿ ಇನ್ನೊಂದು ಜಾಣತನವಿದೆ. ಅದರ ನಡುವೆ ಕೆಳಗಡೆ ಒಂದು ಉಬ್ಬು ಇದ್ದು, ತಕ್ಕಡಿಯ ನಡುಗೂಟದಂತೆ ಕೆಲಸ ಮಾಡುತ್ತದೆ. ಎಡಕ್ಕೆ ಒತ್ತಿದರೆ ಬಲಗಡೆ ಮೇಲೇಳಲೇಬೇಕು. ಎಡ ಬಲ ಎರಡೂ ಒಟ್ಟಿಗೆ ತಾಗುವುದು ಸಾಧ್ಯವಿಲ್ಲ.

ಒಟ್ಟು ಸ್ವಿಚ್ಚುಗಳು ಎಂಟು: ದಿಕ್ಕು ನಾಲ್ಕು, ಎ ಮತ್ತು ಬಿ, ಜೊತೆಗೆ 'ಸೆಲೆಕ್ಟ್' ಮತ್ತು 'ಸ್ಟಾರ್ಟ್'. ಅಟಾರಿಯ ಲೆಕ್ಕದಲ್ಲಿ ಒಂಬತ್ತು ತಂತಿ ಬೇಕಿತ್ತು. ನಿಂಟೆಂಡೋ ಐದರಲ್ಲೇ ಮುಗಿಸಿತು. ಹೇಗೆ? ಶಾಲೆಯಲ್ಲಿ ಹಾಜರಿ ಕರೆಯುವುದನ್ನು ನೆನೆಯಿರಿ. ಕಂಟ್ರೋಲರಿನೊಳಗೆ 4021 ಎಂಬ ಒಂದು ಅಗ್ಗದ ಚಿಪ್ಪಿದೆ. ಯಂತ್ರ ಒಂದು ತಂತಿಯಲ್ಲಿ 'ಎಲ್ಲರೂ ಹಾಗೇ ನಿಲ್ಲಿ' ಎನ್ನುತ್ತದೆ. ಚಿಪ್ಪು ಎಂಟೂ ಗುಂಡಿಗಳ ಆ ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡನೆಯ ತಂತಿಯಲ್ಲಿ ಯಂತ್ರ ಒಂದೊಂದೇ ಹೆಸರು ಕೂಗುತ್ತದೆ, ಮೂರನೆಯದರಲ್ಲಿ ಒಂದೊಂದೇ ಉತ್ತರ ಬರುತ್ತದೆ. ಉಳಿದೆರಡು ತಂತಿಗಳು ವಿದ್ಯುತ್ ಪೂರೈಕೆಗೆ. ಈ ಹಾಜರಿ ನಮ್ಮ ದೇಶದ ಟಿವಿ ಪದ್ಧತಿಗೆ ಹೊಂದುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 50 ಸಲ ನಡೆಯುತ್ತದೆ.

ತಂತಿ ಕಡಿಮೆಯಾದಷ್ಟೂ ಕೇಬಲ್ ತೆಳ್ಳಗೆ, ಹಗುರ, ಕೈಗೆ ಸುಖ. ಆದರೆ ಇಲ್ಲೊಂದು ಬೆಲೆ ತೆರಬೇಕಾಯಿತು. ಅಟಾರಿಯಲ್ಲಿ ಒಂದು ದಿಕ್ಕಿನ ತಂತಿ ಹೋದರೆ ಒಂದು ದಿಕ್ಕು ಮಾತ್ರ ಹೋಗುತ್ತಿತ್ತು. ಇಲ್ಲಿ ಐದರಲ್ಲಿ ಯಾವುದೊಂದು ಹೋದರೂ ಇಡೀ ಕಂಟ್ರೋಲರೇ ಕೈಕೊಡಬಹುದು. ಕಾಯಿಲೆ ಎಲ್ಲಿದೆ ಎಂಬ ಸುಳಿವೂ ಸಿಗದು.

ನಮ್ಮೂರಿಗೆ ಬಂದದ್ದು ನಕಲು

ಭಾರತದಲ್ಲಿ ಫ್ಯಾಮಿಕಾಮ್ 'ಸಮುರಾಯ್' ಎಂಬ ಹೆಸರಿನಲ್ಲಿ ಮಾರಾಟವಾದದ್ದುಂಟು. ಆದರೆ ಸಣ್ಣ ಊರುಗಳನ್ನು ಮುಟ್ಟಿದ್ದು ಬಹುಪಾಲು ಪೂರ್ವ ಏಷ್ಯಾದಿಂದ ಬಂದ ನಕಲುಗಳು ಮತ್ತು ಅವುಗಳ ಭಾಗಗಳಿಂದ ಇಲ್ಲಿ ಜೋಡಿಸಿದ ಯಂತ್ರಗಳು. ಕಾರಣ ಸ್ಪಷ್ಟ. 1995ರಲ್ಲಿ ಜಪಾನಿನ ಸೆಗಾ ಕಂಪನಿ ಶಾ ವಾಲೇಸ್ ಮೂಲಕ ತನ್ನ ಮೆಗಾ ಡ್ರೈವ್ ಯಂತ್ರವನ್ನು ಭಾರತದಲ್ಲಿ ಮಾರತೊಡಗಿದಾಗ ಅದರ ಬೆಲೆ 18,000 ರೂಪಾಯಿ. ವಿದೇಶೀ ಆಟದ ಯಂತ್ರಗಳ ಮೇಲೆ ಆಗ ಶೇಕಡ 80ರಷ್ಟು ಆಮದು ಸುಂಕವಿತ್ತು. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷದಲ್ಲೂ ನಮ್ಮಂಥ ಮನೆಯವರು ಮಕ್ಕಳ ಆಟಕ್ಕೆ ಅಷ್ಟು ಹಣ ತೆಗೆಯುವುದು ಕನಸಿನ ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳ ಮೂಲಕ ಬರುತ್ತಿದ್ದ ನಕಲು ಯಂತ್ರಕ್ಕೆ ಅದರ ಒಂದು ಸಣ್ಣ ಪಾಲು ಕೊಟ್ಟರೆ ಸಾಕಿತ್ತು.

ನಕಲು ಮಾಡಿದವರನ್ನು ಬೈಯುವುದು ಸುಲಭ. ಆದರೆ ಅವರು ಎಲ್ಲಿ ಉಳಿತಾಯ ಮಾಡಿದರು ಎಂದು ನೋಡುವುದು ಹೆಚ್ಚು ಉಪಯುಕ್ತ. ನಮ್ಮ ಕಂಟ್ರೋಲರಿನ ಆಕಾರ ಅಸಲಿಯದೇ, ಆಯತ, ಸುಮಾರು 12 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲ. ಒಳಗೆ 4021 ಇರಲಿಲ್ಲ. ಅದರ ಜಾಗದಲ್ಲಿ ಫಲಕದ ಮೇಲೆ ಟಾರಿನ ಹನಿಯಂಥ ಒಂದು ಕಪ್ಪು ಗುಳ್ಳೆ. ಸಿಲಿಕಾನ್ ಚೂರನ್ನು ನೇರವಾಗಿ ಫಲಕಕ್ಕೆ ಅಂಟಿಸಿ, ಮೇಲೆ ಎಪಾಕ್ಸಿ ಸುರಿದಿದ್ದರು. ಕೆಟ್ಟರೆ ಬದಲಿಸುವಂತಿಲ್ಲ. ಆದರೆ ಅದು ಕೆಡಲೂ ಇಲ್ಲ! ಪ್ಲಗ್ ಮಾತ್ರ ವಿಚಿತ್ರ: ನಿಂಟೆಂಡೋದ್ದಲ್ಲ, 1977ರಲ್ಲಿ ಅಟಾರಿ ಬಳಸಿದ ಒಂಬತ್ತು ಪಿನ್ನಿನದು. ಸುಲಭವಾಗಿ ಸಿಗುತ್ತದೆ ಎಂಬ ಕಾರಣಕ್ಕೆ ನಕಲು ತಯಾರಕರು ಅದನ್ನು ಹಿಡಿದಿದ್ದರು. ಹೊರಗಿನ ಆಕಾರ ಒಂದೇ, ಒಳಗಿನ ಸಂಪರ್ಕ ಬೇರೆ. ಅಟಾರಿಯ ಕೋಲನ್ನು ಇದಕ್ಕೆ ಚುಚ್ಚಿದರೆ ಆಟ ನಡೆಯದು.

ನಿಜವಾದ ಉಳಿತಾಯವಾದದ್ದು ತಂತಿಯಲ್ಲಿ. ಒಂದು ಕಟ್ಟುತಂತಿಯನ್ನು ಒಂದೇ ಜಾಗದಲ್ಲಿ ಅತ್ತಿತ್ತ ಬಗ್ಗಿಸುತ್ತ ಹೋಗಿ. ಮೊದಮೊದಲು ಸಲೀಸಾಗಿ ಬಾಗುತ್ತದೆ, ಆಮೇಲೆ ಗಡುಸಾಗುತ್ತದೆ, ಕೊನೆಗೆ ಪಟ್ಟನೆ ತುಂಡಾಗುತ್ತದೆ. ಲೋಹದ ಆಯಾಸ ಎಂದರೆ ಇದೇ. ಒಳ್ಳೆಯ ಕೇಬಲ್ಲಿನಲ್ಲಿ ಕೂದಲಿನಂಥ ಹಲವು ತಾಮ್ರದ ಎಳೆಗಳಿರುತ್ತವೆ. ಎಳೆ ತೆಳುವಾದಷ್ಟೂ ಬಾಗಿದಾಗ ಅದರ ಹೊರಮೈ ಹಿಗ್ಗುವುದು ಕಡಿಮೆ. ಕೇಬಲ್ ಪೆಟ್ಟಿಗೆಯಿಂದ ಹೊರಬರುವಲ್ಲಿ ಸುತ್ತಲೂ ರಬ್ಬರ್ ಕೊರಳು ಇರುತ್ತದೆ. ಬಾಗುವಿಕೆ ಒಂದೇ ಬಿಂದುವಿನಲ್ಲಿ ಆಗದೆ ಉದ್ದಕ್ಕೂ ಹಂಚಿಹೋಗುತ್ತದೆ. ನಮ್ಮದರಲ್ಲಿ ಎಳೆಗಳು ಬೆರಳೆಣಿಕೆಯಷ್ಟು, ಕೊರಳು ಇರಲೇ ಇಲ್ಲ, ಒಳಗೊಂದು ಗಂಟು ಹಾಕಿದ್ದರು ಅಷ್ಟೇ. ಕಾರಿನ ಆಟದಲ್ಲಿ ತಿರುವು ಬಂದಾಗ ಕಂಟ್ರೋಲರನ್ನೇ ಬಲಕ್ಕೆ ಎಡಕ್ಕೆ ತಿರುಗಿಸುವ ಅಭ್ಯಾಸ ನಿಮಗೂ ಇದ್ದಿರಬಹುದು. ಆ ತಿರುಗಿಸುವಿಕೆಯಿಂದ ಆಟದ ಕಾರಿಗೆ ಏನೂ ಆಗುವುದಿಲ್ಲ, ತಂತಿಗೆ ಆಗುತ್ತದೆ.

ಎರಡನೆಯ ಶತ್ರು ಮಂಡಕ್ಕಿ. ದಾವಣಗೆರೆ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದ ಕೈಯಲ್ಲೇ ಆಟ. ಎಣ್ಣೆ, ಉಪ್ಪು, ಖಾರದ ಪುಡಿ ಗುಂಡಿಯ ಸಂದಿನಲ್ಲಿ ಇಳಿದು ಇಂಗಾಲದ ಬಿಲ್ಲೆಯ ಮೇಲೆ ಪೊರೆಯಾಗುತ್ತಿತ್ತು. ಹೊಸ ಬಿಲ್ಲೆಯ ರೋಧ ಸಾಮಾನ್ಯವಾಗಿ ಕೆಲವು ನೂರು ಓಮ್ ಇರಬಹುದು. ಚಿಪ್ಪಿನ ಬದಿಯಲ್ಲಿ ಹತ್ತಾರು ಕಿಲೋ ಓಮ್ ರೋಧವಿರುವುದರಿಂದ ಬಿಲ್ಲೆ ಸ್ವಲ್ಪ ಸವೆದರೂ, ಕೊಳೆಯಾದರೂ ಒತ್ತಿದ್ದು ಒತ್ತಿದಂತೆಯೇ ತಿಳಿಯುತ್ತದೆ. ಈ ಅಂತರವೇ ಅದರ ಬಾಳಿಕೆಯ ಗುಟ್ಟು. ಆದರೆ ಬಿಲ್ಲೆಯ ರೋಧ ಏರುತ್ತ ಏರುತ್ತ ಚಿಪ್ಪಿನ ರೋಧದ ಹತ್ತಿರ ಬಂದಾಗ ಗುಂಡಿ ಒಮ್ಮೆ ಕೇಳುತ್ತದೆ, ಒಮ್ಮೆ ಕೇಳುವುದಿಲ್ಲ. ಆಗ ನಾವು ಏನು ಮಾಡುತ್ತೇವೆ? ಇನ್ನೂ ಜೋರಾಗಿ ಒತ್ತುತ್ತೇವೆ. ನನ್ನ ಬೊಬ್ಬೆ ಎದ್ದದ್ದು ಹೀಗೆ. ಕಂಟ್ರೋಲರ್ ಸಾಯುತ್ತ ಬಂದಂತೆ ಅದು ಬೆರಳಿನಿಂದ ಹೆಚ್ಚು ಬಲ ಕೇಳುತ್ತದೆ, ಹೆಚ್ಚು ಬಲ ಹಾಕಿದಂತೆ ಅದು ಇನ್ನೂ ಬೇಗ ಸಾಯುತ್ತದೆ.

ಸತ್ತದ್ದನ್ನು ಬದುಕಿಸಿದ್ದು ಬಸ್ ನಿಲ್ದಾಣದ ಬಳಿಯ ರೇಡಿಯೋ ರಿಪೇರಿ ಅಂಗಡಿಯವರು. ಅವರು ವಿಡಿಯೋ ಗೇಮ್ ಕಂಡದ್ದೇ ಅಂದು. ಒಂಬತ್ತು ಪಿನ್ನಿನ ಪ್ಲಗ್ಗಿನಿಂದ ಫಲಕದವರೆಗೆ ಒಂದೊಂದೇ ತಂತಿಗೆ ಮೀಟರ್ ಹಿಡಿದು, ಬಣ್ಣ ಬಣ್ಣದ ತಂತಿಗಳನ್ನು ಕಾಗದದಲ್ಲಿ ಬರೆದುಕೊಂಡು, ಪೆಟ್ಟಿಗೆಯ ಬಾಯಲ್ಲೇ ತುಂಡಾಗಿದ್ದ ಹಳದಿ ತಂತಿಯನ್ನು ಹಿಡಿದರು. ಕೆಟ್ಟ ಭಾಗವನ್ನು ಕತ್ತರಿಸಿ, ಉಳಿದದ್ದನ್ನು ಬೆಸೆದರು. ಬಿಲ್ಲೆಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು, ಫಲಕವನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರು. ಪೂರಾ ಸವೆದಿದ್ದ ಬಿ ಗುಂಡಿಯ ಬಿಲ್ಲೆಗೆ ಸಿಗರೇಟ್ ಪ್ಯಾಕಿನ ತಗಡಿನ ಒಂದು ಚೂರನ್ನು ಅಂಟಿಸಿದರು. ಇಂಗಾಲಕ್ಕಿಂತ ಅಲ್ಯೂಮಿನಿಯಂ ಎಷ್ಟೋ ಉತ್ತಮ ವಾಹಕ. ನಕಲಿಯಲ್ಲಿ ಏನು ಕಡಿಮೆಯಿದ್ದರೂ ಅದನ್ನು ಬಿಚ್ಚಲು ನಾಲ್ಕು ಸಾಮಾನ್ಯ ತಿರುಪುಗಳಿದ್ದವು ಎಂಬುದು ದೊಡ್ಡ ಸಂಗತಿ.

ನಕಲು ಒಂದು ವಿಷಯದಲ್ಲಿ ಅಸಲಿಯನ್ನು ಮೀರಿಸಿತ್ತು ಎಂಬುದನ್ನೂ ಹೇಳಬೇಕು. ಅದರಲ್ಲಿ 'ಟರ್ಬೊ' ಎಂಬ ಎರಡು ಹೆಚ್ಚಿನ ಗುಂಡಿಗಳಿದ್ದವು. ಒತ್ತಿ ಹಿಡಿದರೆ ಸಾಕು, ಒಳಗಿನ ಮಂಡಲವೇ ಸೆಕೆಂಡಿಗೆ ಹಲವು ಸಲ ಒತ್ತಿದಂತೆ ಸಂಕೇತ ಕಳಿಸುತ್ತದೆ. ಅಸಲಿಯ ಮಾಲೀಕರು ಇದಕ್ಕಾಗಿ ಬೇರೆ ಕಂಟ್ರೋಲರ್ ಕೊಳ್ಳಬೇಕಿತ್ತು. ಗುಂಡು ಹಾರಿಸುವ ಆಟಗಳಲ್ಲಿ ಇದು ಬಲ ಹೆಬ್ಬೆರಳನ್ನೂ ಬಿಲ್ಲೆಯನ್ನೂ ಏಕಕಾಲಕ್ಕೆ ಕಾಪಾಡಿತು. ನನ್ನ ಬೊಬ್ಬೆ ಎಡಗೈಯಲ್ಲೇ ಎದ್ದದ್ದೇಕೆ ಎಂದು ಈಗ ನಿಮಗೆ ಹೊಳೆದಿರಬೇಕು.

ಹೆಬ್ಬೆರಳಿನ ಲೆಕ್ಕ

ಬೊಬ್ಬೆಯನ್ನು ದೊಡ್ಡಮ್ಮನಿಗೆ ತೋರಿಸಿದೆ. ಆಕೆ ನಕ್ಕು ತನ್ನ ಹೆಬ್ಬೆರಳು ತೋರಿಸಿದಳು. ಅಡಿಕೆ ಸುಗ್ಗಿಯಲ್ಲಿ ನಮ್ಮ ಕಡೆಯ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಾರೆ. ಒಂದೊಂದು ಕಾಯಿಗೂ ಹೆಬ್ಬೆರಳು ಒತ್ತಬೇಕು, ತಿರುಗಿಸಬೇಕು. ಈಗ ಸುಲಿಯುವ ಯಂತ್ರಗಳು ಬಂದಿವೆ, ಆಗ ಇರಲಿಲ್ಲ. ದೊಡ್ಡಮ್ಮನ ಬೆರಳಿನ ಚರ್ಮ ಜಡ್ಡುಗಟ್ಟಿ ಮರದ ತೊಗಟೆಯಂತಾಗಿತ್ತು. ಸುಗ್ಗಿಯಲ್ಲಿ ತಾನು ಬೆರಳಿಗೆ ಸುತ್ತಿಕೊಳ್ಳುವಂಥ ಹಳೆ ಸೀರೆಯ ಪಟ್ಟಿಯೊಂದನ್ನು ನನ್ನ ಬೆರಳಿಗೂ ಸುತ್ತಿಕೊಟ್ಟಳು. ಆಟ ಮುಂದುವರಿಯಿತು. ಬೈಯಲಿಲ್ಲವಲ್ಲ ಎಂದು ಅಂದು ಖುಷಿಯಾಗಿತ್ತು. ಆಕೆ ಆ ಬೆರಳಿನಿಂದ ಒಂದು ಕುಟುಂಬ ಸಾಕಿದ್ದಳು ಎಂಬುದು ತಲೆಗೆ ಹೋದದ್ದು ಬಹಳ ತಡವಾಗಿ.

ಪುಟ್ಟ ಚಲನೆಯನ್ನು ಸಾವಿರಾರು ಸಲ ಮಾಡಿದರೆ ಸ್ನಾಯುಬಂಧಕ್ಕೆ ಏನಾಗುತ್ತದೆ ಎಂಬುದು ವೈದ್ಯರಿಗೆ ಹೊಸದಲ್ಲ. ಆಟದಿಂದಲೂ ಹಾಗಾದೀತು ಎಂಬುದು ಹೊಸದು. 1981ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ 'ಸ್ಪೇಸ್ ಇನ್ವೇಡರ್ಸ್ ಮಣಿಕಟ್ಟು' ಎಂಬ ತೊಂದರೆಯ ವರದಿ ಬಂತು. 1990ರಲ್ಲಿ ಅದೇ ಪತ್ರಿಕೆಯಲ್ಲಿ ರಿಚರ್ಡ್ ಬ್ರಾಸಿಂಗ್ಟನ್ ಎಂಬ ವೈದ್ಯರು ಮಗನ ಯಂತ್ರದಲ್ಲಿ ಐದು ಗಂಟೆ ಬಿಡದೆ ಆಡಿ ಬಲ ಹೆಬ್ಬೆರಳಿನ ಸ್ನಾಯುಬಂಧ ನೋಯಿಸಿಕೊಂಡ 35 ವರ್ಷದ ಮಹಿಳೆಯ ಪ್ರಕರಣ ವರದಿ ಮಾಡಿ, ಅದಕ್ಕೆ 'ನಿಂಟೆಂಡಿನೈಟಿಸ್' ಎಂದು ಹೆಸರಿಟ್ಟರು. ಹೆಸರು ತಮಾಷೆಯದು, ನೋವು ಅಲ್ಲ.

ಅದೇ 1990ರಲ್ಲಿ ಬಂದ ಸೂಪರ್ ಫ್ಯಾಮಿಕಾಮ್ ಕಂಟ್ರೋಲರಿನಲ್ಲಿ ಮೂಲೆಗಳು ಮಾಯವಾದವು. ಎರಡು ತುದಿಗಳು ದುಂಡಾದವು, ಹೆಗಲಿನಂತೆ ಮೇಲ್ಬದಿಯಲ್ಲಿ ಎರಡು ಗುಂಡಿಗಳು ಬಂದು ಕೆಲಸವನ್ನು ತೋರುಬೆರಳಿಗೂ ಹಂಚಿದವು. ಒಳಗಿನ ರಬ್ಬರ್ ಗುಮ್ಮಟ, ಇಂಗಾಲದ ಬಿಲ್ಲೆ, ಹಾಜರಿ ಪದ್ಧತಿ ಎಲ್ಲ ಹಳೆಯವೇ. ನನ್ನ ದೃಷ್ಟಿಯಲ್ಲಿ ಹಿತವೂ ಬಾಳಿಕೆಯೂ ಜಗಳವಾಡದೆ ಕೂಡಿದ್ದು ಇದೊಂದರಲ್ಲೇ.

ಏಕೆಂದರೆ ಮುಂದೆ ಮತ್ತೆ ಕೋಲು ಬಂತು! ಮೂರು ಆಯಾಮದ ಆಟಗಳಿಗೆ ನಾಲ್ಕು ದಿಕ್ಕು ಸಾಲದು, ಎಷ್ಟು ವಾಲಿಸಿದೆ ಎಂಬುದೂ ಯಂತ್ರಕ್ಕೆ ತಿಳಿಯಬೇಕು. 1996ರ ನಿಂಟೆಂಡೋ 64ರ ಪುಟ್ಟ ಕೋಲು ಬೆಳಕಿನ ಕಿರಣ ಮತ್ತು ಸೀಳುಗಳಿರುವ ಚಕ್ರಗಳ ಸಹಾಯದಿಂದ ವಾಲಿಕೆಯನ್ನು ಅಳೆಯುತ್ತಿತ್ತು. ಬೆಳಕು ಸವೆಯುವುದಿಲ್ಲ, ಆದರೆ ಕೋಲು ಕೂತ ಪ್ಲಾಸ್ಟಿಕ್ ಬಟ್ಟಲು ಸವೆದು ಬಿಳಿ ಪುಡಿಯಾಗುತ್ತಿತ್ತು, ಕೋಲು ಸಡಿಲವಾಗುತ್ತಿತ್ತು. 1998ರಲ್ಲಿ ಬಂದ 'ಮಾರಿಯೋ ಪಾರ್ಟಿ' ಎಂಬ ಆಟದಲ್ಲಿ ಈ ಕೋಲನ್ನು ಗರಗರ ತಿರುಗಿಸಬೇಕಾದ ಪಂದ್ಯಗಳಿದ್ದವು. ಮಕ್ಕಳು ಅಂಗೈಯಿಂದ ಉಜ್ಜಿ ತಿರುಗಿಸಿ ಚರ್ಮ ಕಿತ್ತುಕೊಂಡರು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿಯೊಂದಿಗೆ ಆದ ಒಪ್ಪಂದದಂತೆ 2000ದಲ್ಲಿ ನಿಂಟೆಂಡೋ ಆ ಆಟದ ಅಮೆರಿಕದ ಗ್ರಾಹಕರಿಗೆ ಕೈಗವಸು ಕೊಡಲು ಮುಂದಾಯಿತು. ಸುದ್ದಿ ಓದಿದಾಗ ದೊಡ್ಡಮ್ಮನ ಸೀರೆಯ ಪಟ್ಟಿ ನೆನಪಾಗಿ ನಗು ಬಂತು.

ಸೋನಿಯ 1997ರ ಡ್ಯುಯಲ್ ಶಾಕ್ ಕಂಟ್ರೋಲರಿನಲ್ಲಿ ಹಿಡಿಕೆಗಳು ಕೈಯ ಆಕಾರಕ್ಕೇ ಹೊಂದಿದ್ದವು. ಕೋಲಿನ ಕೆಳಗೆ ಇದ್ದದ್ದು ಪೊಟೆನ್ಷಿಯೋಮೀಟರ್, ಅಂದರೆ ರೇಡಿಯೋದ ಧ್ವನಿ ಏರಿಳಿಸುವ ತಿರುಗುಗುಂಡಿಯೊಳಗಿನ ವಸ್ತುವೇ. ಇಂಗಾಲದ ಪಟ್ಟಿಯ ಮೇಲೆ ಲೋಹದ ಮುಳ್ಳು ಸದಾ ಉಜ್ಜುತ್ತಿರುತ್ತದೆ. ಹಳೆಯ ರೇಡಿಯೋದ ಧ್ವನಿ ಗುಂಡಿ ತಿರುಗಿಸಿದಾಗ ಬರುವ ಕರಕರ ಸದ್ದು ಈ ಸವೆತದ್ದೇ. ಕಂಟ್ರೋಲರಿನಲ್ಲಿ ಸದ್ದು ಬರುವುದಿಲ್ಲ, ಬದಲಿಗೆ ಕೈ ಬಿಟ್ಟಿದ್ದರೂ ಆಟದ ಮನುಷ್ಯ ತಾನೇ ನಡೆದು ಹೋಗುತ್ತಾನೆ. 2017ರ ನಿಂಟೆಂಡೋ ಸ್ವಿಚ್ ಯಂತ್ರದ ಕಂಟ್ರೋಲರುಗಳಲ್ಲಿ ಈ ತೊಂದರೆ ಎಷ್ಟು ಕಾಣಿಸಿಕೊಂಡಿತೆಂದರೆ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿತು.

ಇದಕ್ಕೆ ಮದ್ದು ಇಲ್ಲದಿರಲಿಲ್ಲ. ವಿದ್ಯುತ್ ಹರಿಯುವ ವಾಹಕದ ಪಕ್ಕ ಕಾಂತ ತಂದರೆ ಅಡ್ಡಲಾಗಿ ಒಂದು ಸಣ್ಣ ವೋಲ್ಟೇಜು ಹುಟ್ಟುತ್ತದೆ ಎಂದು ಎಡ್ವಿನ್ ಹಾಲ್ 1879ರಲ್ಲೇ ಕಂಡುಕೊಂಡಿದ್ದರು. ಸೆಗಾ ಕಂಪನಿ 1998ರ ಡ್ರೀಮ್‌ಕ್ಯಾಸ್ಟ್ ಯಂತ್ರದ ಕೋಲಿನ ಕೆಳಗೆ ಕಾಂತವನ್ನೂ ಹಾಲ್ ಸಂವೇದಕಗಳನ್ನೂ ಇಟ್ಟಿತು. ಅಳೆಯುವ ಭಾಗಗಳಲ್ಲಿ ಒಂದಕ್ಕೊಂದು ತಾಗುವುದೇ ಇಲ್ಲ, ತಾಗದೆ ಇದ್ದರೆ ಸವೆಯುವುದೆಲ್ಲಿ? ಆ ಯಂತ್ರದ ತಯಾರಿಕೆ 2001ರಲ್ಲಿ ನಿಂತಿತು. ಕಾಂತದ ಕೋಲು ದೊಡ್ಡ ಕಂಪನಿಗಳ ಕಂಟ್ರೋಲರುಗಳಲ್ಲಿ ರೂಢಿಯಾಗಲಿಲ್ಲ. ಈಚೆಗೆ ಬಿಡಿಭಾಗ ಮಾರುವ ಸಣ್ಣ ತಯಾರಕರು ಅದನ್ನು ಮತ್ತೆ ತಂದಿದ್ದಾರೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಟ್ರಂಕಿನಲ್ಲಿ ನಮ್ಮ ಎರಡೂ 'ರಿಮೋಟು'ಗಳು ಸಿಕ್ಕವು. ಬೂದು ಬಣ್ಣ ಹಳದಿಗೆ ತಿರುಗಿತ್ತು, ಕೇಬಲ್ಲಿನ ಹೊದಿಕೆ ಅಂಟಂಟಾಗಿತ್ತು. ಬಿಚ್ಚಿ ಒಂದೊಂದು ಗುಂಡಿಯನ್ನೂ ಒತ್ತಿ ಮೀಟರ್ ಹಿಡಿದೆ. ರಿಪೇರಿ ಕಾಣದ ಕಂಟ್ರೋಲರಿನ ಎ ಗುಂಡಿ ಎಷ್ಟು ಒತ್ತಿದರೂ ಮುಳ್ಳು ಕದಲಲಿಲ್ಲ. ಸತ್ತು ಬದುಕಿದ್ದರ ಬಿ ಗುಂಡಿಯಲ್ಲಿ ಸಿಗರೇಟ್ ತಗಡು ಇನ್ನೂ ಅಂಟಿಕೊಂಡೇ ಇತ್ತು. ಮುಳ್ಳು ನೇರವಾಗಿ ಸೊನ್ನೆಗೆ ಹೋಯಿತು. ತಂಗಿಯ ಮಗಳು ಅದನ್ನು ಕೈಗೆ ತೆಗೆದುಕೊಂಡು ಒಂದು ನಿಮಿಷ ಹಿಡಿದು ನೋಡಿ, ಅಂಗೈ ಉಜ್ಜಿಕೊಳ್ಳುತ್ತ ಕೇಳಿದಳು: "ಮಾಮ, ಇದರ ಮೂಲೆಗಳನ್ನು ಯಾಕೆ ಉಜ್ಜಿ ದುಂಡಗೆ ಮಾಡಿಕೊಳ್ಳಲಿಲ್ಲ ನೀವು?" ಮನೆಯಲ್ಲಿ ಅರ ಇತ್ತು. ನಮಗೆ ಯಾರಿಗೂ ಹೊಳೆದಿರಲಿಲ್ಲ.